ಸಂತೆಯಲ್ಲಿ ತೆಲುಗು ಕಲಿತವರು ಇಂಗ್ಲಿಷನ್ನೂ ಕಲಿಯಬಲ್ಲರು: ಮೊದಲ ಪದದಿಂದ ಸಂದರ್ಶನದವರೆಗೆ

ಸಿಂಧನೂರು ಹತ್ತಿರದ ಹಳ್ಳಿಯ ಕನ್ನಡ ಸಾಲಿಯಲ್ಲಿ ಹತ್ತನೇ ತರಗತಿ ಮುಗಿಸಿ, ಪಿಯುಸಿ ಸೈನ್ಸ್ ಓದಲು ರಾಯಚೂರಿಗೆ ಬಂದಿದ್ದೆ. ಮೊದಲ ವಾರ ಫಿಸಿಕ್ಸ್ ಕ್ಲಾಸಿನಲ್ಲಿ ಏನೂ ಅರ್ಥವಾಗಲಿಲ್ಲ. ಬೋರ್ಡಿನ ಮೇಲೆ ‘ವೆಲಾಸಿಟಿ’, ‘ಆಕ್ಸಿಲರೇಷನ್’ ಅಂತ ಬರೆದಿತ್ತು. ವೇಗ ಅಂದರೆ ಏನು, ವೇಗೋತ್ಕರ್ಷ ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಲೆಕ್ಕವೂ ಬರುತ್ತಿತ್ತು. ಆದರೆ ಬೋರ್ಡಿನ ಮೇಲಿರೋದು ಅದೇ ಅಂತ ತಿಳಿಯಲು ಹದಿನೈದು ದಿನ ಬೇಕಾಯಿತು. ಅಷ್ಟರಲ್ಲಿ ನನ್ನ ಜೊತೆ ಬಂದಿದ್ದ ಇಬ್ಬರು ಕಾಲೇಜು ಬಿಟ್ಟು ಊರಿಗೆ ಹೋಗಿದ್ದರು. ಅವರು ನನಗಿಂತ ಜಾಣರಿದ್ದರು.

ಈಗ ನಾನು ರಾಯಚೂರಿನಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಕಾಲೇಜು ಮಕ್ಕಳು, ಅಂಗಡಿಯಲ್ಲಿ ಕೆಲಸ ಮಾಡುವವರು, ಮಕ್ಕಳ ಹೋಂವರ್ಕ್ ನೋಡಬೇಕು ಅಂತ ಬರುವ ತಾಯಂದಿರು, ಎಲ್ಲರೂ ಇದ್ದಾರೆ. ಎಲ್ಲರೂ ಮೊದಲ ದಿನ ಹೇಳುವುದು ಒಂದೇ ಮಾತು: ‘ಸರ್, ನಮಗೆ ಇಂಗ್ಲಿಷ್ ಬರೋದಿಲ್ರಿ, ನಮ್ಮ ತಲೆಗೆ ಹತ್ತೋದಿಲ್ಲ.’

ಈ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಭಾಗಕ್ಕೆ ಇನ್ನೊಂದು ಭಾಷೆ ಕಲಿಯೋದು ಹೊಸದೇನಲ್ಲ. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಕಚೇರಿ ಕೆಲಸ ಉರ್ದುವಿನಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಕನ್ನಡ ಆಡುತ್ತಿದ್ದ ನಮ್ಮ ಅಜ್ಜಂದಿರು ಉರ್ದುವಿನಲ್ಲಿ ಅರ್ಜಿ ಬರೆಯುತ್ತಿದ್ದರು. ಬಳ್ಳಾರಿ 1953ರವರೆಗೆ ಮದ್ರಾಸಿನ ಕಡೆ ಇತ್ತು, ಅಲ್ಲಿ ತೆಲುಗು ಓಣಿ ಓಣಿಯಲ್ಲಿದೆ. ಇವತ್ತಿಗೂ ರಾಯಚೂರಿನ ಹತ್ತಿ ವ್ಯಾಪಾರದಲ್ಲಿ, ಗಂಗಾವತಿಯ ಭತ್ತದ ವ್ಯಾಪಾರದಲ್ಲಿ ಒಬ್ಬನೇ ಮನುಷ್ಯ ಮೂರು ಭಾಷೆಯಲ್ಲಿ ರೇಟು ಮಾತಾಡುವುದನ್ನು ನೀವೇ ನೋಡಿರುತ್ತೀರಿ. ಇವರಲ್ಲಿ ಯಾರೂ ತೆಲುಗು ವ್ಯಾಕರಣದ ಪುಸ್ತಕ ಓದಿದವರಲ್ಲ. ಮೊದಲು ಕಿವಿಗೆ ಬಿತ್ತು. ಬೇಕಾದಷ್ಟು ಬಾಯಿಗೆ ಬಂತು. ತಪ್ಪಾದಾಗ ಎದುರಿನವರು ತಿದ್ದಿದರು. ಓದುವುದು, ಬರೆಯುವುದು ಆಮೇಲೆ.

ಇಂಗ್ಲಿಷಿನಲ್ಲಿ ನಾವು ಇದನ್ನು ಪೂರ್ತಿ ತಿರುವುಮುರುವು ಮಾಡಿದ್ದೇವೆ. ಮೊದಲು ಬರೆದೆವು, ಆಮೇಲೆ ಪ್ರಶ್ನೋತ್ತರ ಬಾಯಿಪಾಠ ಮಾಡಿದೆವು. ಕಿವಿ, ಬಾಯಿ ಕೊನೆಗೆ ಉಳಿದವು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಆದರೂ ಹತ್ತು ವರ್ಷ ಓದಿದ ಹುಡುಗ ಎರಡು ವಾಕ್ಯ ಆಡಲು ತಡವರಿಸುತ್ತಾನೆ. ತಪ್ಪು ಅವನ ತಲೆಯದ್ದಲ್ಲ, ಕಲಿತ ಕ್ರಮದ್ದು.

ಮೊದಲು ಸಮಯದ ಲೆಕ್ಕ

‘30 ದಿನಗಳಲ್ಲಿ ಇಂಗ್ಲಿಷ್’ ಅನ್ನುವ ಬೋರ್ಡು ಎಲ್ಲ ಊರಲ್ಲೂ ಇದೆ. ದಿನಕ್ಕೆ ಒಂದು ಗಂಟೆಯಂತೆ ಲೆಕ್ಕ ಹಾಕಿ. 30 ದಿನಕ್ಕೆ 30 ಗಂಟೆ. ಈಗ ಇನ್ನೊಂದು ಲೆಕ್ಕ ನೋಡಿ. ಒಬ್ಬರಿಗೆ ಭಾಷೆ ಎಷ್ಟು ಬರುತ್ತದೆ ಅಂತ ಅಳೆಯಲು ಯುರೋಪಿನ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಒಂದು ಅಳತೆಗೋಲಿದೆ. ಅದರಲ್ಲಿ ಎ1, ಎ2, ಬಿ1, ಬಿ2, ಸಿ1, ಸಿ2 ಅಂತ ಆರು ಮಟ್ಟಗಳು. ಸೊನ್ನೆಯಿಂದ ಬಿ1 ಮುಟ್ಟಲು, ಅಂದರೆ ದಿನನಿತ್ಯದ ವಿಷಯವನ್ನು ತಾನಾಗಿ ಮಾತಾಡಲು, ಸುಮಾರು 350ರಿಂದ 400 ಗಂಟೆಯ ಕಲಿಕೆ ಬೇಕು ಅಂತ ಕೇಂಬ್ರಿಡ್ಜ್ ಪರೀಕ್ಷೆಯವರ ಅಂದಾಜು. ಬಿ2ಗೆ 500ರಿಂದ 600. ಸಿ1ಗೆ 700ರಿಂದ 800.

ದಿನಕ್ಕೆ ಒಂದು ಗಂಟೆ ಕೊಟ್ಟರೆ ಸುಮಾರು ಒಂದು ವರ್ಷಕ್ಕೆ ನೀವು ಧೈರ್ಯವಾಗಿ ಮಾತಾಡುತ್ತೀರಿ. ಎರಡು ವರ್ಷಕ್ಕೆ ಇಂಗ್ಲಿಷಿನಲ್ಲಿ ಕೆಲಸ ಮಾಡುವ ಮಟ್ಟಕ್ಕೆ ಬರುತ್ತೀರಿ. ಶಾಲೆಯಲ್ಲಿ ಕಲಿತದ್ದು ಒಳಗೆ ಇದ್ದೇ ಇರುವುದರಿಂದ ಹಲವರಿಗೆ ಇದಕ್ಕಿಂತ ಬೇಗವೂ ಆಗುತ್ತದೆ. ಆ ಒಂದು ಗಂಟೆ ಒಟ್ಟಿಗೇ ಸಿಗಬೇಕು ಅಂತಿಲ್ಲ. ಬೆಳಿಗ್ಗೆ 20 ನಿಮಿಷ, ಬಸ್ಸಿನಲ್ಲಿ 20, ಊಟವಾದ ಮೇಲೆ 20. ಭಾನುವಾರ ಏಳು ಗಂಟೆ ಕೂರುವುದಕ್ಕಿಂತ ಇದು ಎಷ್ಟೋ ಮೇಲು. ನಡುವೆ ಆರು ದಿನ ಬಿಟ್ಟರೆ ಮರೆವು ತನ್ನ ಕೆಲಸ ಮಾಡಿ ಮುಗಿಸಿರುತ್ತದೆ.

ಹಂತ 1: ನಿಮ್ಮ ಬಾಯಲ್ಲಿ ಈಗಾಗಲೇ ಇರುವ ಇಂಗ್ಲಿಷ್

ಒಂದು ನೋಟುಬುಕ್ ತೆಗೆದುಕೊಳ್ಳಿ. ನೀವು ದಿನಾ ಆಡುವ ಮಾತಿನಲ್ಲಿರುವ ಇಂಗ್ಲಿಷ್ ಪದಗಳನ್ನು ಬರೆಯುತ್ತಾ ಹೋಗಿ. ಹೊಲದಲ್ಲಿ ಕೆಲಸ ಮಾಡುವವರಾದರೆ ಟ್ರ್ಯಾಕ್ಟರ್, ಟ್ರಾಲಿ, ಮೋಟರ್, ಪೈಪ್, ವಾಲ್ವ್, ಸ್ಪ್ರೇ, ಲೋಡ್, ಲೋನ್, ಸಬ್ಸಿಡಿ. ಬಳ್ಳಾರಿಯ ಜೀನ್ಸ್ ಹೊಲಿಯುವ ಕಡೆ ಇರುವವರಾದರೆ ಕಟಿಂಗ್, ಸ್ಟಿಚಿಂಗ್, ವಾಷಿಂಗ್, ಬಟನ್, ಜಿಪ್, ಲೇಬಲ್, ಪೀಸ್, ಸ್ಯಾಂಪಲ್. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುವವರಿಗೆ ಶಿಫ್ಟ್, ಗೇಟ್ ಪಾಸ್, ಹೆಲ್ಮೆಟ್, ಸೇಫ್ಟಿ, ಓವರ್‌ಟೈಮ್. ಒಂದು ವಾರದಲ್ಲಿ 200 ಪದ ಆಗುತ್ತವೆ. ನನ್ನ ಕ್ಲಾಸಿನಲ್ಲಿ ಇದನ್ನು ಮಾಡಿಸಿದಾಗ, ಸಾಲಿಗೇ ಹೋಗದ ಒಬ್ಬ ತಾಯಿ ಮಗಳ ಕೈಯಲ್ಲಿ 170 ಪದ ಬರೆಸಿಕೊಂಡು ಬಂದಿದ್ದರು. ‘ನನಗೆ ಇಂಗ್ಲಿಷ್ ಬರೋದಿಲ್ಲ’ ಅನ್ನುವ ಮಾತು ಅವತ್ತಿನಿಂದ ಅವರ ಬಾಯಲ್ಲಿ ಬರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಕೆಲವು ಪದಗಳು ನಮ್ಮ ಬಾಯಲ್ಲಿ ಬೇರೆ ಅರ್ಥ ಪಡೆದಿವೆ. ನಮಗೆ ಹೋಟೆಲ್ ಅಂದರೆ ತಿಂಡಿ ತಿನ್ನುವ ಜಾಗ. ಹೊರಗಿನವರಿಗೆ ಅದು ಉಳಿದುಕೊಳ್ಳುವ ಜಾಗ. ‘ಐ ಹ್ಯಾವ್ ಎ ಡೌಟ್’ ಅಂದರೆ ನಾವು ಪ್ರಶ್ನೆ ಕೇಳುತ್ತಿದ್ದೇವೆ ಅಂದುಕೊಳ್ಳುತ್ತೇವೆ. ಕೇಳಿದವರಿಗೆ ನಮಗೆ ನಂಬಿಕೆ ಇಲ್ಲ ಅನ್ನಿಸಬಹುದು. ‘ಐ ಹ್ಯಾವ್ ಎ ಕ್ವೆಶ್ಚನ್’ ಅನ್ನಿ. ಕರೆಂಟ್ ಹೋಗಿದೆ ಅನ್ನಲು ‘ದ ಪವರ್ ಈಸ್ ಔಟ್’.

ಪದದ ಪಕ್ಕ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಮೊದಲ ಎರಡು ಮೂರು ತಿಂಗಳು ಖಂಡಿತ ಬರೆದುಕೊಳ್ಳಿ. ಆಮೇಲೆ ಬಿಡಬೇಕು. ಯಾಕೆ ಅಂತ ಮುಂದಿನ ಹಂತದಲ್ಲಿ ತಿಳಿಯುತ್ತದೆ.

ಹಂತ 2: ಕಿವಿ ಮತ್ತು ನಾಲಿಗೆ

ಕನ್ನಡದಲ್ಲಿ ಬರೆದ ಹಾಗೆ ಓದುತ್ತೇವೆ. ಇಂಗ್ಲಿಷಿನಲ್ಲಿ ಹಾಗಿಲ್ಲ. ಅಲ್ಲಿ ಸ್ವರದ ಅಕ್ಷರ ಐದು, ಬಾಯಿಂದ ಬರುವ ಸ್ವರದ ಧ್ವನಿ ಸುಮಾರು 20. ವ್ಯಂಜನದ್ದೂ ಸೇರಿಸಿದರೆ ಒಟ್ಟು 44 ಧ್ವನಿ, ಅಕ್ಷರ 26 ಮಾತ್ರ. ‘ನೈಫ್’ ಪದ ಕೆ ಅಕ್ಷರದಿಂದ ಶುರುವಾಗುತ್ತದೆ, ‘ಸೈಕಾಲಜಿ’ ಪಿಯಿಂದ. ಹಾಗಾಗಿ ಕಣ್ಣಿನಿಂದ ಕಲಿತ ಪದವನ್ನು ನಂಬಬೇಡಿ. ಯಾವ ಪದವನ್ನೂ ಒಮ್ಮೆ ಕೇಳದೆ ಬಾಯಿಪಾಠ ಮಾಡಬೇಡಿ. ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಕಲಿಯುವವರ ನಿಘಂಟುಗಳಲ್ಲಿ ಪದದ ಪಕ್ಕ ಸ್ಪೀಕರ್ ಗುರುತು ಇರುತ್ತದೆ. ಅದನ್ನು ಒತ್ತಿ ಮೂರು ಸಲ ಕೇಳಿ, ಮೂರು ಸಲ ಹೇಳಿ.

ನಮ್ಮ ನಾಲಿಗೆಗೆ ಕೆಲವು ಅಭ್ಯಾಸಗಳಿವೆ. ಅವು ತಪ್ಪಲ್ಲ, ಕನ್ನಡದ ಗುಣ. ಆದರೆ ಇಂಗ್ಲಿಷ್ ಆಡುವಾಗ ಅವುಗಳನ್ನು ಪಕ್ಕಕ್ಕಿಡಬೇಕು.

ಒಂದು, ಕನ್ನಡದ ಪದ ಸ್ವರದಿಂದ ಮುಗಿಯುತ್ತದೆ. ಅದಕ್ಕೇ ಬಸ್ಸು, ಕಾರು, ಬುಕ್ಕು ಆಗಿವೆ. ಇಂಗ್ಲಿಷಿನಲ್ಲಿ ಕೊನೆಯ ಉಕಾರ ಬಿಟ್ಟು ಥಟ್ಟನೆ ನಿಲ್ಲಿಸಿ: ಬಸ್, ಬುಕ್. ಎರಡು, ‘ಎ’ಯಿಂದ ಶುರುವಾಗುವ ಪದದ ಮುಂದೆ ನಾವು ಗೊತ್ತಿಲ್ಲದೆ ಯಕಾರ ಸೇರಿಸುತ್ತೇವೆ, ‘ಒ’ ಮುಂದೆ ವಕಾರ. ಎಗ್ ಹೋಗಿ ಯೆಗ್ ಆಗುತ್ತದೆ, ಓನ್ಲಿ ಹೋಗಿ ವೋನ್ಲಿ ಆಗುತ್ತದೆ. ಮೂರು, ಕನ್ನಡದಲ್ಲಿ ‘ವ’ ಒಂದೇ, ಇಂಗ್ಲಿಷಿನಲ್ಲಿ ಎರಡು. ‘ವೆರಿ’ ಅನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ‘ವಾಟರ್’ ಅನ್ನುವಾಗ ಹಲ್ಲು ತಾಗಬಾರದು, ಸೀಟಿ ಹೊಡೆಯುವ ಹಾಗೆ ತುಟಿ ದುಂಡಗಾಗಬೇಕು. ನಾಲ್ಕು, ‘ಜೂ’ ಮತ್ತು ‘ಜೂನ್’ ಪದಗಳ ಮೊದಲ ಧ್ವನಿ ಬೇರೆ ಬೇರೆ. ಜೂ ಅನ್ನುವಾಗ ‘ಸ’ ಹೇಳುವ ಜಾಗದಲ್ಲೇ ನಾಲಿಗೆ ಇಟ್ಟು ದುಂಬಿಯ ಹಾಗೆ ಗುಂಯ್‌ಗುಡಬೇಕು. ಕನ್ನಡ ಲಿಪಿಯಲ್ಲಿ ಎರಡನ್ನೂ ಒಂದೇ ಥರ ಬರೆಯುತ್ತೇವೆ. ಕನ್ನಡದಲ್ಲಿ ಬರೆದುಕೊಳ್ಳುವ ಅಭ್ಯಾಸ ಬಿಡಬೇಕು ಅಂದದ್ದು ಇದಕ್ಕೇ.

ಇವೆಲ್ಲಕ್ಕಿಂತ ದೊಡ್ಡದು ಒತ್ತು. ನಾವು ಪದದ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ತೂಕ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಒಂದು ಭಾಗ ಜೋರಾಗಿರುತ್ತದೆ, ಉಳಿದವು ಮೆತ್ತಗೆ ಸರಿದು ಹೋಗುತ್ತವೆ. ‘ಫೋಟೋಗ್ರಾಫ್’ನಲ್ಲಿ ಒತ್ತು ‘ಫೋ’ ಮೇಲೆ. ‘ಫೊಟಾಗ್ರಫರ್’ ಆದರೆ ‘ಟಾ’ ಮೇಲೆ. ಹೊರದೇಶದವರಿಗೆ ನಮ್ಮ ಮಾತು ತಿಳಿಯದೇ ಹೋಗಲು ಹೆಚ್ಚಾಗಿ ಕಾರಣ ಈ ಒತ್ತು ಜಾಗ ತಪ್ಪುವುದು. ಹಾಗಂತ ಅಮೆರಿಕದವರ ಹಾಗೆ ಮಾತಾಡಲು ಹೋಗಬೇಡಿ. ರಾಯಚೂರಿನ ರಾಗ ಇರಲಿ, ಪದ ಸ್ಪಷ್ಟವಾಗಿರಲಿ, ಅಷ್ಟು ಸಾಕು.

ಕೇಳಲು ಏನು ಕೇಳಬೇಕು? ನಾನು ಮೊದಲು ಕಳಿಸುವುದು ರೈಲ್ವೆ ಸ್ಟೇಷನ್ನಿಗೆ. ಅಲ್ಲಿನ ಘೋಷಣೆ ಕನ್ನಡದಲ್ಲಿ ಬರುತ್ತದೆ, ಅದೇ ಮಾತು ಇಂಗ್ಲಿಷಿನಲ್ಲೂ ಬರುತ್ತದೆ. ಗಾಡಿ ಸಂಖ್ಯೆ, ಎಲ್ಲಿಂದ, ಎಲ್ಲಿಗೆ, ಯಾವ ಪ್ಲಾಟ್‌ಫಾರಂ. ಅರ್ಥ ಮೊದಲೇ ಗೊತ್ತಿರುವುದರಿಂದ ಕಿವಿಗೆ ಕೆಲಸ ಸುಲಭ. ಒಂದು ಗಂಟೆ ಕೂತು ಕೇಳಿದರೆ ಅಂಕಿಗಳು ಪೂರ್ತಿ ಹಿಡಿತಕ್ಕೆ ಬರುತ್ತವೆ. ಮನೆಯಲ್ಲಿ ಕ್ರಿಕೆಟ್ ನೋಡುವವರು ಕಾಮೆಂಟರಿಯನ್ನು ಇಂಗ್ಲಿಷಿಗೆ ಬದಲಿಸಿ. ಆಟ ಕಣ್ಣಿಗೆ ಕಾಣುತ್ತಿರುವುದರಿಂದ ಮಾತು ತಾನಾಗಿ ತಿಳಿಯುತ್ತದೆ. ಇವಾದ ಮೇಲೆ ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನವರ ಆರು ನಿಮಿಷದ ಕಾರ್ಯಕ್ರಮ ಇದೆ, ಉಚಿತ. ವೇಗ ಜಾಸ್ತಿ ಅನ್ನಿಸಿದರೆ ಮೊಬೈಲಿನಲ್ಲಿ 0.75ಕ್ಕೆ ಇಳಿಸಿ. ಒಂದೇ ಕಂತನ್ನು ನಾಲ್ಕು ದಿನ ಕೇಳಿ. ದಿನಕ್ಕೊಂದು ಹೊಸದು ಬೇಡ.

ಹಂತ 3: ವಾಕ್ಯ ಕಟ್ಟುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ನನಗೆ ಕೆಲಸಕ್ಕೆ ಬಂದದ್ದು ಕನ್ನಡ ವಾಕ್ಯವನ್ನೂ ಇಂಗ್ಲಿಷ್ ವಾಕ್ಯವನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಕನ್ನಡ ಮರೆತರೆ ಇಂಗ್ಲಿಷ್ ಬರುತ್ತದೆ ಅನ್ನುವುದು ಸುಳ್ಳು. ಕನ್ನಡ ಗಟ್ಟಿ ಇದ್ದವರಿಗೆ ಎಲ್ಲಿ ತಿರುಗಬೇಕು ಅಂತ ಬೇಗ ತಿಳಿಯುತ್ತದೆ.

ಮೊದಲ ತಿರುವು, ಕ್ರಿಯಾಪದದ ಜಾಗ. ‘ನಾನು ಚಹಾ ಕುಡಿಯುತ್ತೇನೆ’ ಅನ್ನುವಾಗ ಕೆಲಸ ಕೊನೆಗೆ ಬರುತ್ತದೆ. ‘ಐ ಡ್ರಿಂಕ್ ಟೀ’ ಅನ್ನುವಾಗ ನಡುವೆ ಬರುತ್ತದೆ. ಯಾರು, ಏನು ಮಾಡಿದರು, ಆಮೇಲೆ ಉಳಿದದ್ದು. ಉದ್ದ ವಾಕ್ಯ ಬಂದಾಗಲೂ ಮೊದಲ ಎರಡನ್ನು ಹೇಳಿಬಿಡಿ, ಉಳಿದದ್ದು ಹಿಂದೆ ಬರಲಿ.

ಎರಡನೆಯದು ನಾನು ‘ನನಗೆ ಸೂತ್ರ’ ಅಂತ ಕರೆಯುತ್ತೇನೆ. ಕನ್ನಡದಲ್ಲಿ ಎಷ್ಟೊಂದು ವಾಕ್ಯ ‘ನನಗೆ’ ಅಂತ ಶುರುವಾಗುತ್ತವೆ ನೋಡಿ. ನನಗೆ ಗೊತ್ತು. ನನಗೆ ಬೇಕು. ನನಗೆ ಇಷ್ಟ. ನನಗೆ ಹಸಿವಾಗಿದೆ. ನನಗೆ ಜ್ವರ ಬಂದಿದೆ. ನನಗೆ ಇಬ್ಬರು ಮಕ್ಕಳು. ಇಂಗ್ಲಿಷಿನಲ್ಲಿ ಇವೆಲ್ಲ ‘ಐ’ ಅಂತಲೇ ಶುರು. ಐ ನೋ. ಐ ವಾಂಟ್. ಐ ಲೈಕ್. ಐ ಯಾಮ್ ಹಂಗ್ರಿ. ಐ ಹ್ಯಾವ್ ಎ ಫೀವರ್. ಐ ಹ್ಯಾವ್ ಟೂ ಚಿಲ್ಡ್ರನ್. ಇವುಗಳಲ್ಲಿ ‘ಇಂಗ್’ ಸೇರಿಸಬಾರದು. ‘ಐ ಯಾಮ್ ನೋಯಿಂಗ್’, ‘ಐ ಯಾಮ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಅಂತ ನಮ್ಮಲ್ಲಿ ಬಹಳ ಜನ ಅನ್ನುತ್ತಾರೆ. ಸುಮ್ಮನೆ ಐ ನೋ, ಐ ಹ್ಯಾವ್ ಸಾಕು. ಈ ಆರು ವಾಕ್ಯದಿಂದ ನೂರು ವಾಕ್ಯ ಹುಟ್ಟುತ್ತವೆ. ಒಂದು ವಾರ ಇದರ ಮೇಲೇ ಕೂರಿ.

ಮೂರನೆಯದು ಪ್ರಶ್ನೆ. ಕನ್ನಡದಲ್ಲಿ ಪ್ರಶ್ನೆ ಬಾಲದಲ್ಲಿರುತ್ತದೆ: ಬರ್ತೀಯಾ? ಬಂದ್ರಾ? ಇಂಗ್ಲಿಷಿನಲ್ಲಿ ತಲೆಯಲ್ಲಿರುತ್ತದೆ: ಆರ್ ಯು ಕಮಿಂಗ್? ಡಿಡ್ ದೇ ಕಮ್? ಬಾಯಿ ತೆಗೆಯುವ ಮೊದಲೇ ಇದು ಪ್ರಶ್ನೆ ಅಂತ ನಿರ್ಧರಿಸಿಕೊಳ್ಳಬೇಕು. ‘ಡಿಡ್’ ಬಂದ ಮೇಲೆ ಕ್ರಿಯಾಪದ ಮತ್ತೆ ಭೂತಕಾಲಕ್ಕೆ ಹೋಗುವುದಿಲ್ಲ. ‘ಡಿಡ್ ದೇ ಕೇಮ್’ ಅಲ್ಲ. ಒಂದು ವಾಕ್ಯಕ್ಕೆ ಒಂದೇ ಸಲ ಭೂತಕಾಲದ ಗುರುತು ಸಾಕು.

ಇದಕ್ಕೇ ಅಂಟಿಕೊಂಡ ಇನ್ನೊಂದು ಇದೆ. ‘ನೀವು ನಾಳೆ ಬರಲ್ವಾ?’ ಅಂತ ಕೇಳಿದರೆ ನಾವು ‘ಹೂಂ, ಬರಲ್ಲ’ ಅನ್ನುತ್ತೇವೆ. ಕೇಳಿದವರ ಮಾತು ಸರಿ ಅನ್ನುವುದಕ್ಕೆ ನಮ್ಮ ಹೂಂ. ಇಂಗ್ಲಿಷಿನಲ್ಲಿ ಬರಲ್ಲ ಅನ್ನುವುದಾದರೆ ‘ನೋ, ಐ ವೋಂಟ್’ ಅಂತಲೇ ಅನ್ನಬೇಕು. ಇಲ್ಲಿ ‘ಯೆಸ್’ ಅಂದರೆ ಬರುತ್ತೇವೆ ಅಂದುಕೊಳ್ಳುತ್ತಾರೆ. ಫೋನಿನಲ್ಲಿ ಕೆಲಸ ಮಾಡುವವರಿಗೆ ಇದರಿಂದ ನಿಜವಾಗಿಯೂ ತೊಂದರೆಯಾಗುತ್ತದೆ.

ಕಾಲದ ವಿಷಯದಲ್ಲಿ ಕನ್ನಡ ನಮ್ಮ ಕೈ ಹಿಡಿಯುತ್ತದೆ. ಹೋಗ್ತಾ ಇದ್ದೀನಿ, ಐ ಯಾಮ್ ಗೋಯಿಂಗ್. ಬಂದೆ, ಐ ಕೇಮ್. ಬಂದಿದ್ದೀನಿ, ಐ ಹ್ಯಾವ್ ಕಮ್. ಎಷ್ಟು ಚಂದ ಹೊಂದುತ್ತವೆ ಅಲ್ವಾ? ಎರಡು ಕಡೆ ಮಾತ್ರ ಹೊಂದುವುದಿಲ್ಲ. ನಾವು ‘ನಿನ್ನೇನೇ ಬಂದಿದ್ದೀನಿ’ ಅನ್ನಬಹುದು, ಇಂಗ್ಲಿಷಿನಲ್ಲಿ ‘ಯೆಸ್ಟರ್ಡೆ’ ಬಂದರೆ ‘ಹ್ಯಾವ್’ ಬರುವುದಿಲ್ಲ, ‘ಐ ಕೇಮ್ ಯೆಸ್ಟರ್ಡೆ’ ಅಷ್ಟೇ. ಇನ್ನು ‘ದಿನಾ ಹೋಗ್ತೀನಿ’, ‘ನಾಳೆ ಹೋಗ್ತೀನಿ’ ಎರಡಕ್ಕೂ ನಮಗೆ ಒಂದೇ ರೂಪ. ಅಲ್ಲಿ ‘ಐ ಗೋ’ ಬೇರೆ, ‘ಐ ವಿಲ್ ಗೋ’ ಬೇರೆ.

‘ಎ’ ಮತ್ತು ‘ದ’ ಎಲ್ಲಿ ಹಾಕಬೇಕು ಅನ್ನುವುದಕ್ಕೆ ಅಜ್ಜಿ ಕತೆ ನೆನೆಸಿಕೊಳ್ಳಿ. ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮಕ್ಕಳಿರಲಿಲ್ಲ.’ ಮೊದಲ ಸಲ ಬಂದಾಗ ‘ಒಬ್ಬ ರಾಜ’, ಅದು ‘ಎ ಕಿಂಗ್’. ಕೇಳುವವರಿಗೆ ಪರಿಚಯವಾದ ಮೇಲೆ ‘ಆ ರಾಜ’, ಅದು ‘ದ ಕಿಂಗ್’. ಇದರಿಂದ ಎಷ್ಟೋ ಸಂದರ್ಭ ಸರಿಹೋಗುತ್ತವೆ. ಉಳಿದವು ಓದುತ್ತಾ ಓದುತ್ತಾ ಬರುತ್ತವೆ.

ಕೊನೆಗೆ ನಮ್ಮ ‘ರೀ’. ಬರ್ರಿ, ಕೂಡ್ರಿ, ಹೇಳ್ರಿ ಅನ್ನುವ ನಮಗೆ ‘ಯು’ ಅಂತ ಎಲ್ಲರಿಗೂ ಒಂದೇ ಪದ ಬಳಸಲು ಸಂಕೋಚವಾಗುತ್ತದೆ. ಮರ್ಯಾದೆ ಕೊಡುವ ದಾರಿ ಇಂಗ್ಲಿಷಿನಲ್ಲೂ ಇದೆ, ಆದರೆ ಬೇರೆ ಜಾಗದಲ್ಲಿದೆ. ‘ಟೆಲ್ ಮಿ’ ಅಂದರೆ ಹೇಳು. ‘ಕುಡ್ ಯು ಪ್ಲೀಸ್ ಟೆಲ್ ಮಿ’ ಅಂದರೆ ಹೇಳ್ರಿ. ಹಿರಿಯರಿಗೆ, ಹೊಸಬರಿಗೆ ‘ಕುಡ್ ಯು’, ‘ವುಡ್ ಯು’ ಬಳಸಿದರೆ ನಮ್ಮ ರೀ ಅಲ್ಲಿಗೂ ಹೋದ ಹಾಗೆ.

ಹಂತ 4: ಪದಗಳು, ಐದು ಬೆಂಕಿಪೊಟ್ಟಣ

ಢಾಕಾದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದ ಮೈಕೆಲ್ ವೆಸ್ಟ್ ಎಂಬ ಇಂಗ್ಲಿಷ್ ಮೇಷ್ಟ್ರು 1953ರಲ್ಲಿ ಸುಮಾರು 2000 ಪದಗಳ ಒಂದು ಪಟ್ಟಿ ಪ್ರಕಟಿಸಿದರು. ಸಾಮಾನ್ಯ ಇಂಗ್ಲಿಷ್ ಬರಹದ ನೂರಕ್ಕೆ ಸುಮಾರು 80 ಭಾಗ ಆ ಪದಗಳಿಂದಲೇ ಆಗಿರುತ್ತದೆ. ಹಾಗಾಗಿ ದಪ್ಪ ನಿಘಂಟಿನ ಕಷ್ಟ ಪದ ಬಾಯಿಪಾಠ ಮಾಡಬೇಡಿ. ದಿನಕ್ಕೆ ಏಳು ಪದದಂತೆ ಕಲಿತರೆ ಒಂದು ವರ್ಷದಲ್ಲಿ ಈ 2000 ದಾಟುತ್ತವೆ.

ಮರೆಯದಿರಲು ಚೀಟಿ ಮಾಡಿ. ಒಂದು ಬದಿ ಇಂಗ್ಲಿಷ್ ಪದ, ಇನ್ನೊಂದು ಬದಿ ನಿಮ್ಮದೇ ಒಂದು ವಾಕ್ಯ ಮತ್ತು ಕನ್ನಡ ಅರ್ಥ. ಐದು ಬೆಂಕಿಪೊಟ್ಟಣ ಸಾಲಾಗಿ ಇಡಿ. ಹೊಸ ಚೀಟಿ ಮೊದಲನೆಯದರಲ್ಲಿ. ನೆನಪಿದ್ದರೆ ಮುಂದಿನ ಪೊಟ್ಟಣಕ್ಕೆ ಹೋಗುತ್ತದೆ, ಮರೆತಿದ್ದರೆ ಎಲ್ಲಿದ್ದರೂ ಮತ್ತೆ ಮೊದಲಿಗೆ ಬರುತ್ತದೆ. ಮೊದಲ ಪೊಟ್ಟಣ ದಿನಾ ನೋಡಿ, ಎರಡನೆಯದು ಎರಡು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ, ನಾಲ್ಕನೆಯದು ಹದಿನೈದು ದಿನಕ್ಕೊಮ್ಮೆ, ಐದನೆಯದು ತಿಂಗಳಿಗೊಮ್ಮೆ. ಸೆಬಾಸ್ಟಿಯನ್ ಲೈಟ್ನರ್ ಎಂಬುವರು 1970ರ ದಶಕದಲ್ಲಿ ಜರ್ಮನಿಯಲ್ಲಿ ಹೇಳಿಕೊಟ್ಟ ಪೆಟ್ಟಿಗೆ ವಿಧಾನ ಇದು. ಮೊಬೈಲ್ ಆ್ಯಪ್‌ಗಳೂ ಇದನ್ನೇ ಮಾಡುತ್ತವೆ. ಕೈಯಲ್ಲಿ ಬರೆದ ಚೀಟಿ ನನಗೆ ಹೆಚ್ಚು ನೆನಪಿರುತ್ತದೆ.

ಹಂತ 5: ಬಾಯಿ ಬಿಡುವುದು

ನಮ್ಮ ಊರುಗಳಲ್ಲಿ ದೊಡ್ಡ ಅಡ್ಡಿ ಇದೇ. ನಾಲ್ಕು ಜನರ ಮುಂದೆ ಇಂಗ್ಲಿಷ್ ಆಡಿದರೆ ‘ನೋಡ್ರಪ್ಪ, ದೊಡ್ಡ ಸಾಹೇಬ’ ಅನ್ನುತ್ತಾರೆ. ತಪ್ಪಾದರೆ ನಗುತ್ತಾರೆ. ಹೆಣ್ಣುಮಕ್ಕಳಿಗೆ ಇದು ಇನ್ನೂ ಜಾಸ್ತಿ. ಇದನ್ನು ಒಬ್ಬರೇ ಗೆಲ್ಲುವುದು ಕಷ್ಟ. ಅದಕ್ಕೆ ಒಬ್ಬ ಜೊತೆಗಾರರನ್ನು ಹುಡುಕಿಕೊಳ್ಳಿ. ಗೆಳತಿ, ತಮ್ಮ, ದಿನಾ ಒಂದೇ ಬಸ್ಸಿಗೆ ಬರುವವರು, ಯಾರಾದರೂ ಸರಿ. ಇಬ್ಬರೂ ಒಂದು ಮಾತು ಮಾಡಿಕೊಳ್ಳಿ: ದಿನಕ್ಕೆ ಹತ್ತು ನಿಮಿಷ ಇಂಗ್ಲಿಷ್, ನಡುವೆ ನಗುವ ಹಾಗಿಲ್ಲ, ತಿದ್ದುವುದೇನಿದ್ದರೂ ಹತ್ತು ನಿಮಿಷ ಆದ ಮೇಲೆ.

ಏನು ಮಾತಾಡಬೇಕು? ನಿನ್ನೆ ಏನು ಮಾಡಿದೆ, ಇವತ್ತು ಏನು ಅಡುಗೆ, ಕಾಲುವೆಗೆ ನೀರು ಬಂತಾ. ಪದ ಸಿಗದಿದ್ದರೆ ಕನ್ನಡ ಪದವನ್ನೇ ಹಾಕಿ ಮುಂದೆ ಹೋಗಿ, ನಿಲ್ಲಬೇಡಿ. ‘ಐ ಏಟ್ ಜೋಳದ ರೊಟ್ಟಿ ವಿತ್ ಶೇಂಗಾ ಹಿಂಡಿ’ ಅನ್ನುವುದು ಒಳ್ಳೆಯ ವಾಕ್ಯ. ಜೊತೆಗಾರರು ಸಿಗದವರು ಮೊಬೈಲಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಕೇಳಿ, ಎರಡು ತಪ್ಪು ಗುರುತಿಸಿ, ಮತ್ತೆ ರೆಕಾರ್ಡ್ ಮಾಡಿ. ಹಳೆಯದನ್ನು ಅಳಿಸಬೇಡಿ. ಮೂರು ತಿಂಗಳಾದ ಮೇಲೆ ಮೊದಲನೆಯದನ್ನು ಕೇಳಿ ನೋಡಿ.

ಆನೆಗುಂದಿ, ಅಂಜನಾದ್ರಿ ಕಡೆಯವರಿಗೆ ಒಂದು ಅನುಕೂಲ ಇದೆ. ಅಲ್ಲಿಗೆ ದೇಶ ವಿದೇಶದ ಪ್ರವಾಸಿಗರು ಬರುತ್ತಾರೆ. ದಾರಿ ಕೇಳಿದಾಗ ಕೈ ತೋರಿಸಿ ಸುಮ್ಮನಾಗಬೇಡಿ. ‘ಗೋ ಸ್ಟ್ರೇಟ್, ಟರ್ನ್ ಲೆಫ್ಟ್ ನಿಯರ್ ದ ಟೆಂಪಲ್’ ಅಂತ ಹೇಳಿ. ಅವರಲ್ಲೂ ಬಹಳ ಜನಕ್ಕೆ ಇಂಗ್ಲಿಷ್ ಎರಡನೇ ಭಾಷೆಯೇ. ಅವರೂ ತಡವರಿಸುತ್ತಾರೆ.

ಹಂತ 6: ಓದು ಮತ್ತು ಬರಹ

ಓದಲು ಮೊದಲಿಗೆ ಮಕ್ಕಳ ಕತೆಗಳೇ ಸರಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಎಷ್ಟೋ ಕತೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಉಚಿತವಾಗಿವೆ. ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಇಂಗ್ಲಿಷಿನಲ್ಲಿ. ಒಂದು ಪುಟದಲ್ಲಿ ಐದಕ್ಕಿಂತ ಹೆಚ್ಚು ಗೊತ್ತಿಲ್ಲದ ಪದ ಇದ್ದರೆ ಆ ಪುಸ್ತಕ ಸದ್ಯಕ್ಕೆ ಬೇಡ. ಮನೆಯಲ್ಲಿರುವುದನ್ನೂ ಓದಿ. ಮಾತ್ರೆಯ ಚೀಟಿ, ಕರೆಂಟ್ ಬಿಲ್ಲು, ಔಷಧಿ ಹೊಡೆಯುವ ಡಬ್ಬಿಯ ಮೇಲಿನ ಬರಹ. ಕೀಟನಾಶಕದ ಡಬ್ಬಿ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದಿಂದ ವಿಷದ ತೀವ್ರತೆ ತೋರಿಸಿರುತ್ತಾರೆ, ಪಕ್ಕದಲ್ಲಿ ಎಚ್ಚರಿಕೆ ಬರೆದಿರುತ್ತಾರೆ. ಅದನ್ನು ಓದಲು ಬರುವುದರಿಂದ ಜೀವವೂ ಉಳಿಯುತ್ತದೆ.

ಬರೆಯುವುದಕ್ಕೆ ದಿನಕ್ಕೆ ಮೂರು ವಾಕ್ಯದ ಡೈರಿ ಸಾಕು. ಅನುವಾದದ ಆ್ಯಪ್ ಬಳಸುವುದಾದರೆ ಮೊದಲು ನೀವೇ ಬರೆಯಿರಿ, ಆಮೇಲೆ ಅದರ ಜೊತೆ ಹೋಲಿಸಿ. ಮೊದಲೇ ಅದನ್ನು ಕೇಳಿದರೆ ಕಲಿಯುವುದು ಫೋನು, ನೀವಲ್ಲ.

ಕನ್ನಡ ಮಾಧ್ಯಮದಿಂದ ಪಿಯುಸಿ ಸೈನ್ಸಿಗೆ ಹೋಗುವವರಿಗೆ

ನಾನು ಕಳೆದುಕೊಂಡ ಹದಿನೈದು ದಿನ, ನನ್ನ ಗೆಳೆಯರು ಕಳೆದುಕೊಂಡ ಓದು ನಿಮಗೆ ತಪ್ಪಬೇಕು. ಅದಕ್ಕೆ ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ. ಹತ್ತನೇ ತರಗತಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ನಿಮ್ಮದೇ ವಿಜ್ಞಾನ, ಗಣಿತ ಪುಸ್ತಕಗಳ ಇಂಗ್ಲಿಷ್ ಮಾಧ್ಯಮದ ಪ್ರತಿ ತೆಗೆದುಕೊಳ್ಳಿ. ರಾಜ್ಯದ ಪಠ್ಯಪುಸ್ತಕ ಸಂಘದ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪಾಠ ಅದೇ, ಚಿತ್ರವೂ ಅದೇ. ಎರಡನ್ನೂ ಪಕ್ಕಪಕ್ಕ ಇಟ್ಟು ದಿನಕ್ಕೆ ನಾಲ್ಕು ಪುಟ ಓದಿ. ಮಸೂರ ಅಂದರೆ ಲೆನ್ಸ್, ದರ್ಪಣ ಅಂದರೆ ಮಿರರ್, ರೋಧ ಅಂದರೆ ರೆಸಿಸ್ಟೆನ್ಸ್, ದ್ಯುತಿಸಂಶ್ಲೇಷಣೆ ಅಂದರೆ ಫೋಟೋಸಿಂಥೆಸಿಸ್. ಜೊತೆಗೆ ಪ್ರಶ್ನೆಪತ್ರಿಕೆಯ ಕ್ರಿಯಾಪದಗಳು: ಡಿಫೈನ್, ಸ್ಟೇಟ್, ಎಕ್ಸ್‌ಪ್ಲೇನ್, ಡಿರೈವ್, ಡಿಸ್ಟಿಂಗ್ವಿಷ್. ವಿಷಯ ನಿಮಗೆ ಗೊತ್ತೇ ಇದೆ, ಹೆಸರು ಮಾತ್ರ ಹೊಸದು. ಮೊದಲ ತಿಂಗಳು ಅರ್ಥವಾಗದಿದ್ದರೆ ದಯವಿಟ್ಟು ಕಾಲೇಜು ಬಿಡಬೇಡಿ. ಕ್ಲಾಸ್ ಮುಗಿದ ಮೇಲೆ ಹೋಗಿ ಕೇಳಿ. ಹೇಳಿಕೊಡುವ ಒಬ್ಬರಾದರೂ ಇರುತ್ತಾರೆ.

ಮೇಲಿನ ಮಟ್ಟ

ಸಂದರ್ಶನಕ್ಕೆ ಹೋಗುವವರು ‘ಮೈಸೆಲ್ಫ್ ಮಂಜುನಾಥ’ ಅಂತ ಶುರು ಮಾಡಬೇಡಿ, ‘ಐ ಯಾಮ್ ಮಂಜುನಾಥ’ ಅನ್ನಿ. ಬಾಯಿಪಾಠ ಮಾಡಿದ ಪರಿಚಯ ಒಪ್ಪಿಸಬೇಡಿ. ನೀವು ಮಾಡಿದ ಒಂದು ಕೆಲಸವನ್ನು ಐದು ವಾಕ್ಯದಲ್ಲಿ ಹೇಳಲು ಕಲಿಯಿರಿ. ಏನು ತೊಂದರೆ ಇತ್ತು, ನೀವೇನು ಮಾಡಿದಿರಿ, ಏನಾಯಿತು. ಪ್ರಶ್ನೆ ತಿಳಿಯದಿದ್ದರೆ ‘ಕುಡ್ ಯು ಪ್ಲೀಸ್ ರಿಪೀಟ್ ದಟ್’ ಅಂತ ಕೇಳುವುದರಲ್ಲಿ ಅವಮಾನ ಏನೂ ಇಲ್ಲ. ಹೊರದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ, 9ರವರೆಗೆ ಅಂಕ. ಮಾತಿನ ಭಾಗ 11ರಿಂದ 14 ನಿಮಿಷ ಮಾತ್ರ. ಐದನೇ ಹಂತವನ್ನು ಒಂದು ವರ್ಷ ನಿಜವಾಗಿ ಮಾಡಿದವರಿಗೆ ಆ 14 ನಿಮಿಷ ಭಾರವಾಗುವುದಿಲ್ಲ.

ಇನ್ನೂ ಮುಂದೆ ಹೋಗಬೇಕು ಅನ್ನುವವರಿಗೆ ನಾನು ಕೊಡುವ ಓದು ಒಂದಿದೆ. ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ರಾಬರ್ಟ್ ಸೆವೆಲ್ 1900ರಲ್ಲಿ ವಿಜಯನಗರದ ಬಗ್ಗೆ ‘ಎ ಫರ್ಗಾಟನ್ ಎಂಪೈರ್’ ಅನ್ನುವ ಪುಸ್ತಕ ಬರೆದರು. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸ್, ಆಮೇಲೆ ಬಂದ ನೂನಿಜ್, ಇವರಿಬ್ಬರ ಬರಹಗಳ ಇಂಗ್ಲಿಷ್ ಅನುವಾದ ಅದರಲ್ಲಿದೆ. 1520ರ ರಾಯಚೂರು ಯುದ್ಧವನ್ನು ನೂನಿಜ್ ವಿವರವಾಗಿ ಬರೆದಿದ್ದಾನೆ. ಭಾಷೆ ಹಳೆಯದು, ವಾಕ್ಯ ಉದ್ದ. ಆದರೆ ಊರು ನಮ್ಮದು, ಜಾಗ ಕಣ್ಣ ಮುಂದಿದೆ. ಹಾಗಾಗಿ ಕಷ್ಟದ ಇಂಗ್ಲಿಷೂ ಓದಿಸಿಕೊಂಡು ಹೋಗುತ್ತದೆ. ದಿನಕ್ಕೆ ಒಂದೇ ಪುಟ ಓದಿ, ಅದರ ಸಾರವನ್ನು ಐದು ವಾಕ್ಯದಲ್ಲಿ ನಿಮ್ಮ ಇಂಗ್ಲಿಷಿನಲ್ಲಿ ಬರೆಯಿರಿ.

ಓದಿದ ಮೇಲೆ ನೋಟುಬುಕ್ ಹಿಡಿದು ರಾಯಚೂರು ಕೋಟೆಗೆ ಹೋಗಿ. ಅಲ್ಲಿ ಗೋಡೆಯಲ್ಲಿ 40 ಅಡಿಗೂ ಉದ್ದದ ಒಂದು ಕಲ್ಲಿದೆ, ಅದರ ಮೇಲೆ 1294ರ ಶಾಸನ. ಅಷ್ಟು ದೊಡ್ಡ ಕಲ್ಲನ್ನು ಗಾಡಿಯ ಮೇಲೆ ಹೇರಿ, ಸಾಲು ಸಾಲು ಕೋಣಗಳಿಂದ ಎಳೆಸಿಕೊಂಡು ಬಂದ ಚಿತ್ರವನ್ನು ಅಲ್ಲೇ ಕೆತ್ತಿದ್ದಾರೆ. ಅದರ ಮುಂದೆ ನಿಂತು, ಆ ಚಿತ್ರದಲ್ಲಿ ಏನೇನು ನಡೆಯುತ್ತಿದೆ ಅಂತ ಹತ್ತು ವಾಕ್ಯ ಇಂಗ್ಲಿಷಿನಲ್ಲಿ ಬರೆಯಿರಿ. ಆಮೇಲೆ ಪುಸ್ತಕ ಮುಚ್ಚಿ, ಜೊತೆಗೆ ಬಂದವರಿಗೆ ಅದನ್ನೇ ಬಾಯಲ್ಲಿ ಹೇಳಿ.